ಬಾನೆಟ್ಟಿನ ಮೇಲಿನ ಕುಂಕುಮ

ಸ್ಯಾನ್ ಪೀಡ್ರೊಗೆ ಬಂದ ಮೊದಲ ಭಾನುವಾರ, ಬೆಳಿಗ್ಗೆ ಆರೂವರೆಗೆ, ನಾನು ಮಲಗಿದ್ದ ಮಂಚ ನಡುಗಿತು. ಸ್ಟೀಲ್ ಲೋಟದೊಳಗಿನ ಚಮಚ ಕಿಣಿಕಿಣಿ ಎಂದಿತು, ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಲಾಸ್ ಏಂಜಲೀಸಿಗೆ ಹೋಗುತ್ತೇನೆ ಎಂದಾಗಿನಿಂದ ಹುಬ್ಬಳ್ಳಿಯಲ್ಲಿ ಕಂಡಕಂಡವರೆಲ್ಲ ನನಗೆ ಭೂಕಂಪದ ಪಾಠ ಹೇಳಿ ಕಳಿಸಿದ್ದರು. ಪಾಸ್‌ಪೋರ್ಟು, ಎರಡು ಸ್ವೆಟರು, ಒಂದು ಡಬ್ಬಿ ಶೇಂಗಾ ಚಟ್ನಿ ತುಂಬಿದ ಚೀಲ ಬಾಗಿಲ ಹಿಂದೆ ಸಿದ್ಧವಾಗಿತ್ತು. ಅದನ್ನು ತಬ್ಬಿಕೊಂಡು ಮೇಜಿನ ಕೆಳಗೆ ನುಸುಳಿ ಕೂತೆ. ಐದು ನಿಮಿಷ ಕಳೆದರೂ ಭೂಕಂಪ ನಿಲ್ಲಲಿಲ್ಲ. ಮೇಲಾಗಿ ಅದಕ್ಕೊಂದು ತಾಳವಿತ್ತು. ಡಬ್, ಡಬ್, ಡುಬುಕ್, ಡಬ್. ಭೂಮಿ ಹೀಗೆ ತಾಳ ಹಾಕಿಕೊಂಡು ನಡುಗುವುದಿಲ್ಲ ಎಂದು ತಿಳಿಯುವಷ್ಟು ಬುದ್ಧಿ ಅಷ್ಟೊತ್ತಿಗೆ ಬಂದಿತ್ತು.

ನೈಟಿಯ ಮೇಲೆ ಸ್ವೆಟರು ಏರಿಸಿ, ಚೀಲ ಹಿಡಿದುಕೊಂಡೇ ಮೆಟ್ಟಿಲಿಳಿದೆ. ನನ್ನ ಬಾಡಿಗೆ ಕೋಣೆ ಇದ್ದದ್ದು ಗ್ಯಾರೇಜಿನ ಮೇಲೆ. ಕೆಳಗೆ ಗ್ಯಾರೇಜಿನ ಬಾಗಿಲು ತೆರೆದಿತ್ತು. ಒಳಗೆ ಹಾಲುಕೆನೆ ಬಣ್ಣದ ಉದ್ದನೆಯ ಹಳೆಯ ಕಾರೊಂದು ನಿಂತಲ್ಲೇ ಅಲುಗಾಡುತ್ತಿತ್ತು. ಅದರ ಪಕ್ಕದಲ್ಲಿ ಮನೆಯ ಮಾಲೀಕ ಹೆಕ್ಟರ್, ಕೈಯಲ್ಲಿ ಕಾಫಿ ಮಗ್ ಹಿಡಿದು, ತಲೆ ವಾರೆ ಮಾಡಿ ಆ ಸದ್ದನ್ನೇ ಕೇಳುತ್ತ ನಿಂತಿದ್ದರು. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು, ಅರವತ್ತು ದಾಟಿದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ಅವರು ಆಡುವುದು ಇಂಗ್ಲಿಷು, ನಡುನಡುವೆ ಸ್ಪ್ಯಾನಿಷ್. ಆದರೆ ನನ್ನ ಕಿವಿಗೆ ಅವರ ಮಾತು ಮೊದಲ ದಿನದಿಂದಲೂ ಹುಬ್ಬಳ್ಳಿ ಕನ್ನಡವಾಗಿಯೇ ಬಿದ್ದಿದೆ. ಇಲ್ಲಿಯೂ ಅವರದನ್ನೂ ಅವರ ಜೊತೆಯವರದನ್ನೂ ಹಾಗೆಯೇ ಬರೆಯುತ್ತೇನೆ, ಓದುವವರು ಸಹಿಸಿಕೊಳ್ಳಬೇಕು.

"ಹಲ್ಲಿಗೆ ತಟ್ಟಿತೇನು?" ಎಂದು ಕೇಳಿದರು.

"ಏನ್ರೀ?"

"ಇದರ ಸದ್ದು. ಬರೇ ಕಿವಿಗೆ ಕೇಳಿದ್ರ ಸಾಲೂದಿಲ್ಲ. ಹಲ್ಲಿಗೆ ತಟ್ಟಬೇಕು."

ನಮ್ಮಪ್ಪ ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದವನು, ಈಗಿಲ್ಲ. ಅವನ ಮಗಳಾಗಿ ನಾನು ಸುಮ್ಮನಿರುವುದುಂಟೇ? ಸ್ವಲ್ಪ ಹೊತ್ತು ಕೇಳಿ, ವೈದ್ಯರ ಗಾಂಭೀರ್ಯದಲ್ಲಿ ಹೇಳಿದೆ: "ಒಂದು ಸಿಲಿಂಡರ್ ಸರಿಯಾಗಿ ಹೊಡೀತಿಲ್ಲ. ಕುಂಟುತ್ತಿದೆ. ಪ್ಲಗ್ ನೋಡಿಸಿ." ಹೆಕ್ಟರ್ ನಗುವ ಭರದಲ್ಲಿ ಕಾಫಿ ಚೆಲ್ಲಿಕೊಂಡರು. ಅದು ಕುಂಟಲ್ಲವಂತೆ, ಆ ಇಂಜಿನ್ನಿನ ನಡಿಗೆಯೇ ಹಾಗಂತೆ. "ಅದು ರೋಗ ಅಲ್ಲ, ಗತ್ತು," ಎಂದರು. ಗಾಡಿ ಕೂಗಾಡಿದರೆ ಅದಕ್ಕೆ ಜಡ್ಡಾಗಿದೆ ಎಂದು ಕಲಿಸಿದ್ದವನು ನಮ್ಮಪ್ಪ. ಕೂಗಾಡದಿದ್ದರೆ ಜಡ್ಡಾಗಿದೆ ಎನ್ನುವವರ ಊರಿಗೆ ಬಂದಿದ್ದೆ.

ನಾನು ಇಲ್ಲಿ ಹೇಗೆ ಬಂದೆ ಎಂಬುದನ್ನು ಹೇಳಿಬಿಡುತ್ತೇನೆ. ನನ್ನ ಗಂಡ ಗಿರೀಶ ಬೆಂಗಳೂರಿನವನು, ಟೆಲಿಕಾಂ ಇಂಜಿನಿಯರು, ನನಗಿಂತ ಎರಡು ವರ್ಷ ಮೊದಲೇ ಸ್ಯಾನ್ ಡಿಯೇಗೊಗೆ ಬಂದು ಕರ್ನಿ ಮೆಸಾದ ಆಫೀಸೊಂದರಲ್ಲಿ ಕೂತಿದ್ದ. ನಾನು ಮಂಗಳೂರು ಬಂದರಿನಲ್ಲಿ ಹನ್ನೆರಡು ವರ್ಷ ಕಂಟೇನರುಗಳ ಕಾಗದಪತ್ರ ನೋಡಿದವಳು. ಎರಡು ಸಾವಿರದ ಇಪ್ಪತ್ತೊಂದರ ಆರಂಭದಲ್ಲಿ, ಎಲ್ಲರೂ ಮುಖಕ್ಕೆ ಮಾಸ್ಕ್ ಹಾಕಿ ಓಡಾಡುತ್ತಿದ್ದ ಕಾಲದಲ್ಲಿ, ಇಲ್ಲಿಗೆ ಬಂದೆ. ಆ ವರ್ಷ ಲಾಸ್ ಏಂಜಲೀಸ್ ಬಂದರಿನ ಹೊರಗೆ ಹಡಗುಗಳು ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ ಸಾಲುಗಟ್ಟಿ ನಿಂತಿದ್ದವು. ಕಾಗದ ಬಲ್ಲವರು ಬೇಕಾಗಿದ್ದರು. ಬಂದರಿಗೆ ಅಂಟಿಕೊಂಡ ಸ್ಯಾನ್ ಪೀಡ್ರೊದ ಸಣ್ಣ ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಗಿರೀಶನಿಗೂ ನನಗೂ ನಡುವೆ ರಸ್ತೆ ಒಳ್ಳೆಯ ಮನಸ್ಸಿನಲ್ಲಿದ್ದರೆ ಎರಡು ಗಂಟೆ, ಇಲ್ಲದಿದ್ದರೆ ನಾಲ್ಕು. ಒಂದೇ ಸಂಸಾರ, ಎರಡು ಅಡುಗೆಮನೆ. ಶನಿವಾರವೂ ಕೆಲಸವಿದ್ದ ವಾರಗಳಲ್ಲಿ ನಮ್ಮಿಬ್ಬರ ಭೇಟಿ ಫೋನಿನಲ್ಲೇ ಮುಗಿಯುತ್ತಿತ್ತು.

ಒಂಟಿತನ ಎಂದರೆ ಮಾತಾಡುವವರು ಇಲ್ಲದಿರುವುದು ಎಂದುಕೊಂಡಿದ್ದೆ. ಬೈಯುವವರು ಇಲ್ಲದಿರುವುದು ಅದಕ್ಕಿಂತ ಕಷ್ಟ. ನಮ್ಮ ಊರಲ್ಲಿ ಹಾರ್ನ್ ಎಂದರೆ ಮಾತು. ಬಂದೆ, ಸರಿ, ಹೋಗು, ಚಹಾ ಆಯ್ತಾ, ಎಲ್ಲವನ್ನೂ ಹಾರ್ನಿನಲ್ಲೇ ಕೇಳಬಹುದು. ಇಲ್ಲಿ ಹಾರ್ನ್ ಹೊಡೆದರೆ ಅವಮಾನ ಮಾಡಿದ ಹಾಗೆ. ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಮೊದಲ ಸಲ ಫೇಲ್ ಆದದ್ದು ಅಡ್ಡ ಬಂದ ಸೈಕಲ್ಲಿನವನಿಗೆ ಪ್ರೀತಿಯಿಂದ ಒಮ್ಮೆ ಹಾರ್ನ್ ಹೊಡೆದದ್ದಕ್ಕೆ. ಎರಡನೆಯ ಸಲ ಫೇಲ್ ಆದದ್ದು ಯಾರೂ ಇಲ್ಲದ ಸ್ಟಾಪ್ ಬೋರ್ಡಿನ ಮುಂದೆ ಪೂರ್ತಿ ನಿಲ್ಲದೆ ಜಾರಿಕೊಂಡದ್ದಕ್ಕೆ. ಖಾಲಿ ರಸ್ತೆಗೆ ಯಾಕೆ ಮರ್ಯಾದೆ ಕೊಡಬೇಕೆಂದು ನನಗೆ ಆಗ ಅರ್ಥವಾಗಿರಲಿಲ್ಲ. ಮೂರನೆಯ ಸಲ ಪಾಸಾದಾಗ ಹೆಕ್ಟರ್ ತಮ್ಮ ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ತಾರೀಖು ಬರೆದಿಟ್ಟರು. ಆರ್ಟೀಸಿಯಾದ ನಮ್ಮವರ ಅಂಗಡಿಯಿಂದ ಜೋಳದ ಹಿಟ್ಟು ತಂದು ರೊಟ್ಟಿ ಬಡಿದು ಅವರಿಗೆ ಕೊಟ್ಟೆ. ಅವರ ಅಜ್ಜಿಯೂ ಹೀಗೇ ಎರಡು ಕೈ ನಡುವೆ ಹಿಟ್ಟು ತಟ್ಟುತ್ತಿದ್ದರಂತೆ, ಆದರೆ ಮೆಕ್ಕೆಜೋಳದ್ದು.

ಮೊದಲ ಸವಾರಿ ಸಿಕ್ಕಿದ್ದು ಬಂದು ಒಂದು ತಿಂಗಳಾದ ಮೇಲೆ. "ಮಿಹಾ, ನಡಿ, ಡೋನಟ್ ತಿಂದು ಬರೂಣು," ಎಂದರು. ಮಿಹಾ ಎಂದರೆ ಮಗಳೇ ಎಂದು. ಕಾರಿನ ಹೆಸರು ಚೆವೆಲ್, ಅರವತ್ತೆಂಟನೇ ಇಸವಿಯದು. ಇಲ್ಲಿನವರು ಇಂಥವನ್ನು ಮಸಲ್ ಕಾರ್ ಎನ್ನುತ್ತಾರೆ. ಸಂಸಾರಸ್ಥರ ಕಾರಿನ ಮೈಯೊಳಗೆ ಲಾರಿಯ ಎದೆ ಇಟ್ಟ ಹಾಗೆ. ಸೀಟುಬೆಲ್ಟು ಸೊಂಟಕ್ಕೆ ಮಾತ್ರ. ಒಳಗೆ ಪೆಟ್ರೋಲು, ಹಳೆಯ ರೆಕ್ಸಿನ್, ಎಲ್ಲೋ ಒಂದಿಷ್ಟು ಸಿಗರೇಟಿನ ವಾಸನೆ. ಗ್ಯಾಫಿ ರಸ್ತೆ ದಾಟಿ ಸಮುದ್ರದ ಕಡೆಯ ಖಾಲಿ ದಾರಿಗೆ ಬಂದಾಗ ಹೆಕ್ಟರ್ ನನ್ನ ಕಡೆ ತಿರುಗಿ, "ತಲಿ ಹಿಂದಕ್ಕ ಇಟ್ಕೋ," ಎಂದು ಪೆಡಲ್ ಒತ್ತಿದರು. ನನ್ನ ಬೆನ್ನನ್ನು ಯಾರೋ ಸೀಟಿಗೆ ಒತ್ತಿ ಹಿಡಿದಂತಾಯಿತು. ಎದೆಯೊಳಗಿದ್ದ ಒಂದು ತಿಂಗಳ ಬೇಸರವೆಲ್ಲ ಹಿಂದಿನ ಸೀಟಿಗೆ ಹೋಗಿ ಬಿತ್ತು. ನಾನು ಜೋರಾಗಿ ನಕ್ಕೆ. ಆ ದೇಶದಲ್ಲಿ ನಾನು ಮೊದಲ ಸಲ ಬಾಯಿ ತುಂಬ ನಕ್ಕದ್ದು ಅವತ್ತೇ.

ಡೋನಟ್ ಅಂಗಡಿಯ ಮುಂದಿನ ಪಾರ್ಕಿಂಗ್ ಜಾಗದಲ್ಲಿ ಪ್ರತಿ ಭಾನುವಾರ ಇಂಥ ಹತ್ತು ಹದಿನೈದು ಕಾರು ಸೇರುತ್ತವೆ. ಅಲ್ಲಿಯ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಹೊಸಬರು ಬಂದರೆ ಯಾರೂ ಹೆಸರು ಕೇಳುವುದಿಲ್ಲ, ಕೆಲಸ ಕೇಳುವುದಿಲ್ಲ. "ನೀ ಮೊದಲ ಕೂತದ್ದು ಯಾವ ಗಾಡಿಯೊಳಗ?" ಎಂದಷ್ಟೇ ಕೇಳುತ್ತಾರೆ. ನಮ್ಮಲ್ಲಿ ಹೊಸ ಮುಖ ಕಂಡರೆ ಯಾವ ಊರು, ಯಾರ ಪೈಕಿ, ಅಡ್ಡಹೆಸರೇನು ಎಂದು ಮೂರೇ ಪ್ರಶ್ನೆಯಲ್ಲಿ ಮನುಷ್ಯನನ್ನು ಅಳೆದು ಮೂಲೆಗೆ ಇಟ್ಟುಬಿಡುತ್ತೇವೆ. ಇವರ ಪ್ರಶ್ನೆಗೆ ಎಂಥವನೂ ಎಂಟು ವರ್ಷದ ಕೂಸಾಗಿಯೇ ಉತ್ತರ ಕೊಡಬೇಕು.

ನರ್ಸ್ ಆಗಿ ನಿವೃತ್ತಳಾದ ಲೊರೆಟಾ ಎಂಬಾಕೆ ಹೇಳಿದ್ದು ಇನ್ನೂ ನೆನಪಿದೆ. ಅವಳ ಅಣ್ಣ ಸೈನ್ಯಕ್ಕೆ ಹೊರಡುವ ಮುಂಚಿನ ವಾರ ಅವಳನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೋದನಂತೆ. ತಾನು ಕ್ಲಚ್ ಒತ್ತುವುದು, ಪಕ್ಕದಲ್ಲಿ ಕೂತ ಅವಳು ಗೇರ್ ಬದಲಿಸುವುದು. ಅವನ ಮೊಣಕಾಲನ್ನೇ ನೋಡುತ್ತ, ಸಮುದ್ರದ ದಂಡೆಯುದ್ದಕ್ಕೂ ಗೇರ್ ಹಾಕಿದಳಂತೆ. "ಅಣ್ಣ ವಾಪಸ್ ಬಂದ. ಆದ್ರ ಮತ್ತ ನನ್ನ ಕೈಗೆ ಗೇರ್ ಕೊಡಲಿಲ್ಲ," ಎಂದಳು. ಎಲ್ಲರೂ ತಲೆಯಾಡಿಸಿ ಡೋನಟ್ ತಿಂದರು.

ಹೆಕ್ಟರ್ ಕತೆ ಅವರಿಗೆಲ್ಲ ಬಾಯಿಪಾಠ. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಅವರಪ್ಪ ಈ ಕಾರನ್ನು ಹೊಸದಾಗಿ ಮನೆಗೆ ತಂದಾಗ ಹೆಕ್ಟರಿಗೆ ಒಂಬತ್ತು ವರ್ಷ. ಹಿಂದಿನ ಸೀಟಿನಲ್ಲಿ ನಿಂತು, ಮುಂದಿನ ಎರಡು ಸೀಟಿನ ನಡುವೆ ತಲೆ ತೂರಿಸಿದ್ದರು. ಅಪ್ಪ ಪೆಡಲ್ ಒತ್ತಿದ ಕೂಡಲೇ ಹಿಂದಕ್ಕೆ ಹೋಗಿ ಬಿದ್ದರು. ಗಂಡನಿಗೆ ಬೈಯಲು ಬಾಯಿ ತೆಗೆದ ಅಮ್ಮ ಬೈಗುಳ ಮರೆತು ನಕ್ಕಳು. ಆ ವರ್ಷವೇ ಅವಳು ತನ್ನ ತಾಯಿಯನ್ನು ಕಳೆದುಕೊಂಡಿದ್ದಳು, ಮನೆಯಲ್ಲಿ ನಗು ಇರಲಿಲ್ಲ. "ನಮ್ಮವ್ವ ಮತ್ತ ನಕ್ಕದ್ದು ಈ ಸೀಟಿನ ಮ್ಯಾಲೆ," ಎಂದು ನಾನು ಕೂತು ಬಂದಿದ್ದ ಸೀಟನ್ನು ತಟ್ಟಿ ತೋರಿಸಿದರು.

ನನ್ನ ಸರದಿ ಬಂತು. ಹೇಳುವುದಕ್ಕೆ ನನ್ನ ಬಳಿ ಮಸಲ್ ಕಾರ್ ಎಲ್ಲಿಂದ ಬರಬೇಕು? ಆಯುಧಪೂಜೆಯ ದಿನ ಅಪ್ಪ ತಾನೇ ರಿಪೇರಿ ಮಾಡಿದ ಬಸ್ಸನ್ನು ಡಿಪೋದ ಅಂಗಳದಲ್ಲಿ ಒಂದು ಸುತ್ತು ಹಾಕಿಸುತ್ತಿದ್ದ. ಆ ಹಳೆಯ ಬಸ್ಸುಗಳಲ್ಲಿ ಇಂಜಿನ್ ಒಳಗೇ ಡ್ರೈವರ್ ಪಕ್ಕದಲ್ಲಿರುತ್ತಿತ್ತು, ಅದರ ಮುಚ್ಚಳದ ಮೇಲೆ ಗೋಣಿಚೀಲ ಹಾಸಿ ನನ್ನನ್ನು ಕೂರಿಸುತ್ತಿದ್ದ. ಕೆಳಗಿನಿಂದ ಬಿಸಿ, ಮುಂದೆ ಚೆಂಡುಹೂವಿನ ಹಾರ, ಪಕ್ಕದಲ್ಲಿ ಅಪ್ಪನ ಗ್ರೀಸ್ ಮೆತ್ತಿದ ಮೊಣಕೈ. ಇಷ್ಟು ಹೇಳಿ, ಬಸ್ಸು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಕೇಳಿದೆ. ಲೊರೆಟಾ ಹೆಕ್ಟರ್ ಮುಖ ನೋಡಿದಳು. "ಇಂಜಿನ್ ಮ್ಯಾಲೇ ಕೂತಿದ್ದಳಂತ," ಎಂದರು ಹೆಕ್ಟರ್. "ನಮ್ಮ ಪೈಕಿ ಯಾರು ಅಷ್ಟು ಹತ್ತಿರ ಕೂತೀವಿ?" ಅಲ್ಲಿಗೆ ನಾನು ಪಾಸು.

ಈ ಜನರ ಮೇಲೆ ನನಗೆ ಗೌರವ ಹೆಚ್ಚಿದ್ದು ಅವರು ಕಾರುಗಳನ್ನು ನೋಡಿಕೊಳ್ಳುವ ರೀತಿಯಿಂದ. ಹೆಚ್ಚಿನವರು ಹಳೆಯ ಕಾರಿಗೆ ಹೊಸ ಬಣ್ಣ ಹೊಡೆಸಿ ಕನ್ನಡಿ ಮಾಡಿಟ್ಟಿರುತ್ತಾರೆ. ಹೆಕ್ಟರಿನದು ಬೇರೆ ಜಾತಿ, ಸರ್ವೈವರ್. ಅಂದರೆ ಕಾರ್ಖಾನೆಯಿಂದ ಬಂದ ಬಣ್ಣ ಐವತ್ತು ವರ್ಷ ಕಳೆದರೂ ಹಾಗೇ ಉಳಿದದ್ದು. ಗೀರಿದ್ದರೆ ಇರಲಿ, ಮಾಸಿದ್ದರೆ ಮಾಸಲಿ, ಮೇಲೊಂದು ಪದರ ಬಣ್ಣ ಬಳಿಯುವಂತಿಲ್ಲ. ಅವರಪ್ಪ ಸಾಯುವ ಮುಂಚೆ ಕಾರಿನ ಕೀ ಕೊಟ್ಟು ಒಂದೇ ಮಾತು ಕೇಳಿದ್ದರಂತೆ: ಬಣ್ಣ ಮುಟ್ಟಿಸಬೇಡ. ಸ್ಯಾನ್ ಡಿಯೇಗೊ ಹತ್ತಿರದ ಡೆಲ್ ಮಾರ್‌ನಲ್ಲಿ ನಡೆಯುವ ಪ್ರದರ್ಶನವೊಂದರಲ್ಲಿ ಮೂಲ ಬಣ್ಣದ ಕಾರುಗಳಿಗೇ ಬೇರೆ ಸಾಲು ಇದೆ. ಆ ಸಾಲಿನಲ್ಲಿ ಈ ಕಾರು ನಿಲ್ಲಬೇಕೆಂಬುದು ಅಪ್ಪನ ಆಸೆ. ಹೆಕ್ಟರ್ ಎರಡು ವರ್ಷ ಅಪ್ಲೈ ಮಾಡಿ ಜಾಗ ಸಿಗದೆ ಸುಮ್ಮನಾಗಿದ್ದರು. ನಾನು ಬಂದ ಮರುವರ್ಷ ಕರೆ ಬಂತು. ಆ ಪತ್ರವನ್ನು ನನ್ನ ಮುಂದೆ ಎರಡು ಸಲ ಓದಿದರು. ಎರಡನೆಯ ಸಲ ಕಣ್ಣು ಒದ್ದೆಯಾಗಿತ್ತು.

ಪ್ರದರ್ಶನಕ್ಕೆ ಹದಿನೈದು ದಿನ ಇದೆ ಎನ್ನುವಾಗ ಆಯುಧಪೂಜೆ ಬಂತು.

ಅವತ್ತು ಹೆಕ್ಟರ್ ಬೆಳಿಗ್ಗೆಯೇ ಕಣ್ಣಿನ ಆಸ್ಪತ್ರೆಗೆ ಹೋಗಿದ್ದರು. ಹೋಗುವ ಮುಂಚೆ ಚೆವೆಲ್ಲನ್ನು ತೊಳೆದು, ಒಣಗಲಿ ಎಂದು ಅಂಗಳದ ಬಿಸಿಲಲ್ಲಿ ನಿಲ್ಲಿಸಿದ್ದರು. ನಾನು ರಜೆ ಹಾಕಿದ್ದೆ. ನನ್ನ ಸೆಕೆಂಡ್ ಹ್ಯಾಂಡ್ ಪುಟ್ಟ ಕಾರಿಗೆ ಹೂ ಏರಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಊದುಬತ್ತಿ ಬೆಳಗಿದೆ. ತಿರುಗಿ ನೋಡಿದರೆ ಪಕ್ಕದಲ್ಲಿ ಚೆವೆಲ್ ಬೋಳುಹಣೆಯಲ್ಲಿ ನಿಂತಿದೆ. ನನಗೆ ತಡೆಯಲಾಗಲಿಲ್ಲ. ನಮ್ಮ ಡಿಪೋದಲ್ಲಿ ಗುಜರಿಗೆ ಹೋಗಲಿರುವ ಬಸ್ಸಿಗೂ ಅಪ್ಪ ಅವತ್ತು ಕುಂಕುಮ ಇಡುತ್ತಿದ್ದ. ಮೂಲೆಯಲ್ಲಿ ಬಿದ್ದ ಮುರುಕು ಜ್ಯಾಕಿಗೂ ಇಡುತ್ತಿದ್ದ. ಬಸ್ಸಿನ ತಗಡಿನ ಮೇಲಿಂದ ಉದುರಬಾರದೆಂದು ಕುಂಕುಮವನ್ನು ಕುಸುಬಿ ಎಣ್ಣೆಯಲ್ಲಿ ಕಲಸುತ್ತಿದ್ದ. ನಾನೂ ಹಾಗೇ ಕಲಸಿದೆ. ಬಾನೆಟ್ಟಿನ ನಟ್ಟನಡುವೆ ಮೂರು ಬೆರಳಿನ ವಿಭೂತಿ ಎಳೆದು, ಅದರ ಕೆಳಗೆ ದುಂಡಗೆ ಒಂದು ಕುಂಕುಮದ ಬೊಟ್ಟು ಇಟ್ಟೆ. ಡೆಲ್ ಮಾರ್‌ನಲ್ಲಿ ಒಳ್ಳೆಯದಾಗಲಿ ಎಂದು ಕೈ ಮುಗಿದೆ. ಫೋಟೊ ತೆಗೆದು ಹುಬ್ಬಳ್ಳಿಯಲ್ಲಿರುವ ತಂಗಿ ಸುಮಾಳಿಗೆ ಕಳಿಸಿದೆ. "ಅಕ್ಕಾ, ಥೇಟ್ ಅಪ್ಪನ ಕೈ," ಎಂದು ಬರೆದಳು. ಹೆಮ್ಮೆಯಿಂದ ಒಳಗೆ ಹೋಗಿ ಹೋಳಿಗೆ ಬೇಯಿಸುತ್ತ ಕೂತೆ.

ಹೆಕ್ಟರ್ ಬಂದದ್ದು ಮಧ್ಯಾಹ್ನ ಎರಡಕ್ಕೆ. ಹೋಳಿಗೆಯ ತಟ್ಟೆ ಹಿಡಿದು ಇಳಿದೆ. ಅವರು ಬಾನೆಟ್ಟಿನ ಮುಂದೆ ನಿಂತಿದ್ದರು. ಮುಖ ಕಾಗದದ ಹಾಗೆ ಬಿಳಿಚಿತ್ತು. ಒಳಗೆ ಹೋಗಿ ಮೆತ್ತನೆಯ ಬಟ್ಟೆ ತಂದು, ಗಾಯ ಒರೆಸುವವರ ಹಾಗೆ ನಿಧಾನವಾಗಿ ಒರೆಸಿದರು. ವಿಭೂತಿ ಹೋಯಿತು. ಕುಂಕುಮವೂ ಹೋಯಿತು. ಆದರೆ ಅದಿದ್ದ ಜಾಗದಲ್ಲಿ ಹಳೆಯ ಒಂದು ರೂಪಾಯಿ ನಾಣ್ಯದ ಅಗಲಕ್ಕೆ ಕೆಂಪನೆಯ ಗುರುತು ಉಳಿಯಿತು. ಐವತ್ತು ವರ್ಷದ ಬಣ್ಣ ಒಣಗಿದ ನೆಲದಂತಿತ್ತು, ನಾಲ್ಕು ತಾಸು ಬಿಸಿಲಲ್ಲಿ ಎಣ್ಣೆಯ ಜೊತೆ ಕೆಂಪನ್ನೂ ಕುಡಿದಿತ್ತು.

"ಯಾರು ಹೇಳಿದ್ರು ನಿನಗ ಇದನ್ನ ಹಚ್ಚಂತ?" ಎಂದರು. ಸಿಟ್ಟಿನ ದನಿಯಲ್ಲ, ಅದೇ ನನ್ನನ್ನು ಹೆದರಿಸಿತು. ನಾನು ಸಾರಿ ಎಂದೆ, ಐದಾರು ಸಲ ಎಂದಿರಬೇಕು. ಅವರು ಕಾರನ್ನು ಒಳಗೆ ತಳ್ಳಿ ಬಾಗಿಲು ಎಳೆದರು. ನನ್ನ ಕೈಯಲ್ಲಿ ಹೋಳಿಗೆ ತಣ್ಣಗಾಗಿತ್ತು.

ಆ ಭಾನುವಾರ ಆರೂವರೆಗೆ ಎಚ್ಚರವಾಗಿ ಕಿವಿ ನಿಮಿರಿಸಿ ಮಲಗಿದ್ದೆ. ಮಂಚ ನಡುಗಲಿಲ್ಲ. ನನ್ನ ತಪ್ಪಿನಿಂದ ಒಬ್ಬ ಮನುಷ್ಯ ಸತ್ತ ಅಪ್ಪನಿಗೆ ಕೊಟ್ಟ ಮಾತು ಮುರಿಯುವ ಹಾಗಾಗಿತ್ತು. ಎದ್ದು ಸ್ಯಾನ್ ಡಿಯೇಗೊಗೆ ಡ್ರೈವ್ ಮಾಡಿದೆ. ದಾರಿಯಲ್ಲಿ ಎರಡು ಕಡೆ ಕಾರು ನಿಲ್ಲಿಸಿ ಅತ್ತೆ. ಗಿರೀಶ ಎಲ್ಲ ಕೇಳಿ, "ಬೇರೆ ಮನೆ ನೋಡೋಣ ಬಿಡು. ಇನ್ನು ಮುಖ ತೋರ್ಸೋದ್ ಹೇಗೆ ನೀನು?" ಎಂದ. ಆಮೇಲೆ ನನ್ನನ್ನು ನಗಿಸಲು, "ಅಲ್ಲಾ, ಅವ್ರ ಹಣೆಗೂ ಇಟ್ಬಿಟ್ಟಿದ್ರೆ ಮ್ಯಾಚ್ ಆಗಿರೋದು," ಎಂದ. ನಾನು ನಗಲಿಲ್ಲ.

ಮಧ್ಯಾಹ್ನ ಅವನೇ ಡೆಲ್ ಮಾರ್‌ನ ಡಾಕ್ಟರ್ ಅಂಕಲ್ ಮನೆಗೆ ಕರೆದುಕೊಂಡು ಹೋದ. ಮೈಸೂರಿನವರು, ಹೃದಯದ ಡಾಕ್ಟರಾಗಿ ನಿವೃತ್ತರಾದವರು, ಇಲ್ಲಿಗೆ ಬಂದು ಐವತ್ತು ವರ್ಷವಾಗುತ್ತ ಬಂದಿದೆ. ಅವರಿಗೂ ಈ ಕಾರುಗಳ ಹುಚ್ಚು ಇರುವುದು ನನಗೆ ಗೊತ್ತಿರಲಿಲ್ಲ. ಬಂದ ಹೊಸದರಲ್ಲಿ ಜೊತೆಯ ಡಾಕ್ಟರೊಬ್ಬ ಅವರನ್ನು ಮಸಲ್ ಕಾರಿನಲ್ಲಿ ಕೂರಿಸಿಕೊಂಡು ಹೊರಟ ರಭಸಕ್ಕೆ, ಮದುವೆಗೆ ಹೊಲಿಸಿದ್ದ ಒಂದೇ ಒಂದು ಸೂಟಿನ ಮೇಲೆ ಕಾಫಿ ಚೆಲ್ಲಿತ್ತಂತೆ. "ಆ ಸೂಟ್ ಇನ್ನೂ ಇದೆ ಕಣಮ್ಮಾ. ತೊಳೆಸಿಲ್ಲ," ಎಂದರು. ಆಂಟಿ ಒಳಗಿನಿಂದ, "ತೊಳೆಸೋಕೆ ಬಿಟ್ಟಿಲ್ಲ," ಎಂದು ತಿದ್ದಿದರು.

ನನ್ನ ಫೋನಿನಲ್ಲಿದ್ದ ಕಲೆಯ ಫೋಟೊವನ್ನು ಎಕ್ಸ್-ರೇ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದರು. "ಪಾಲಿಶ್ ಹಾಕಿ ಉಜ್ಜಿದ್ರೆ ಹೋಗುತ್ತೆ. ಆದ್ರೆ ಆ ಕಾಲದ ಪೇಂಟು ಈರುಳ್ಳಿ ಸಿಪ್ಪೆಯಷ್ಟು ತೆಳು. ಕಲೆ ಜೊತೆ ಅದೂ ಹೋಗುತ್ತೆ. ಆಮೇಲೆ ಅದು ಒರಿಜಿನಲ್ ಅಲ್ಲ. ಉಜ್ಜೋದೋ ಬಿಡೋದೋ ಅವರಿಗೆ ಬಿಟ್ಟಿದ್ದು, ನಿನಗಲ್ಲ."

"ನಾನೇನ್ ಮಾಡ್ಲಿ ಅಂಕಲ್? ಎಷ್ಟು ಸಲ ಸಾರಿ ಅಂದೀನಿ."

"ಈ ದೇಶದಲ್ಲಿ ಸಾರಿ ಅಂತ ದಿನಕ್ಕೆ ನೂರು ಸಲ ಅಂತಾರೆ, ಬಾಗಿಲು ತಾಗಿದ್ರೂ ಅಂತಾರೆ. ಯಾಕೆ ಹಚ್ಚಿದೆ ಅಂತ ಹೇಳಿದ್ಯಾ?"

ಹೇಳಿರಲಿಲ್ಲ.

ಸೋಮವಾರ ಆಫೀಸು ಮುಗಿಸಿ ಬಂದು ಗ್ಯಾರೇಜಿನ ಬಾಗಿಲು ತಟ್ಟಿದೆ. ಹೆಕ್ಟರ್ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಪಾಲಿಶ್ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ಡಿಪೋದ ಬಗ್ಗೆ, ಎಣ್ಣೆಯಲ್ಲಿ ಕುಂಕುಮ ಕಲಸುತ್ತಿದ್ದ ಅಪ್ಪನ ಬಗ್ಗೆ, ಗುಜರಿ ಬಸ್ಸಿನ ಬಗ್ಗೆ. ಆ ದಿನ ಹಣೆಯ ಮೇಲೆ ಕುಂಕುಮವಿಲ್ಲದ ಗಾಡಿ ಯಾರದೂ ಅಲ್ಲದ ಗಾಡಿ ಎಂದು ಅಪ್ಪ ಹೇಳುತ್ತಿದ್ದ. ನಿಮ್ಮ ಕಾರು ಹಾಗೆ ನಿಂತಿರುವುದನ್ನು ನೋಡಲು ನನ್ನಿಂದ ಆಗಲಿಲ್ಲ ಎಂದೆ. ನಿಮ್ಮದು ಎಂಬುದನ್ನು ಮರೆತು ನಮ್ಮದು ಎಂದುಕೊಂಡೆ, ಅದೇ ನನ್ನ ತಪ್ಪು ಎಂದೆ.

ಅವರು ಪಾಲಿಶ್ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, "ನಿಮ್ಮಪ್ಪ ಎಂಥ ಇಂಜಿನ್ ಬಿಚ್ಚತಿದ್ರು?"

ಡೀಸೆಲ್, ಆರು ಸಿಲಿಂಡರ್ ಎಂದೆ. ಬಿಚ್ಚುವಾಗ ನಟ್ಟುಗಳನ್ನು ಎಲ್ಲಿ ಇಡುತ್ತಿದ್ದರು ಎಂದು ಕೇಳಿದರು. ತಟ್ಟೆಯಲ್ಲಿ ಬಿಚ್ಚಿದ ಸಾಲಿನಲ್ಲೇ ಸುತ್ತ ಜೋಡಿಸುತ್ತಿದ್ದ, ಕತ್ತಲಲ್ಲೂ ಕೈಗೆ ಸಿಗಬೇಕು ಎನ್ನುತ್ತಿದ್ದ ಎಂದೆ. ಹೆಕ್ಟರ್ ಪಾಲಿಶ್ ಡಬ್ಬಿಯನ್ನು ಕಪಾಟಿನ ಮೇಲಿನ ಅರೆಗೆ ಎತ್ತಿಟ್ಟರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಪ್ರದರ್ಶನಕ್ಕೆ ಎಷ್ಟು ಗಂಟೆಗೆ ಹೊರಡಬೇಕೆಂದು ಮಾತ್ರ ಹೇಳಿದರು.

ಡೆಲ್ ಮಾರ್‌ಗೆ ಹೋಗುವ ದಾರಿಯಲ್ಲಿ ಬಲಗಡೆ ಸಮುದ್ರ ಜೊತೆಗೇ ಬರುತ್ತದೆ. ಕಾರುಗಳಲ್ಲಿ ಹೋಗುವ ಅಪರಿಚಿತರು ನಮ್ಮ ಪಕ್ಕ ಬಂದು ವೇಗ ತಗ್ಗಿಸಿ, ಗಾಜಿಳಿಸಿ, ಹೆಬ್ಬೆರಳು ಎತ್ತಿ ತೋರಿಸಿ ಮುಂದೆ ಹೋಗುತ್ತಿದ್ದರು. ಒಬ್ಬ ಮುದುಕ ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದ. ಹುಬ್ಬಳ್ಳಿಯಲ್ಲಿ ಸ್ವಾಮಿಗಳ ಕಾರಿಗೆ ಮಾತ್ರ ಆ ಮರ್ಯಾದೆ. ನಾನು ಆ ಮರ್ಯಾದೆಯ ಪಕ್ಕದಲ್ಲಿ ಕೂತು, ಬಾನೆಟ್ಟಿನ ಕಲೆಯನ್ನು ಎರಡು ಗಂಟೆ ನೋಡುತ್ತ ಬಂದೆ.

ಗಿರೀಶನೂ ಡಾಕ್ಟರ್ ಅಂಕಲ್ಲೂ ಅಲ್ಲಿಗೆ ಬಂದಿದ್ದರು. ಮೂಲ ಬಣ್ಣದ ಕಾರುಗಳ ಸಾಲಿನಲ್ಲಿ ಪ್ರತಿ ಕಾರಿನ ಗಾಜಿಗೂ ಒಂದು ಕಾರ್ಡು ಇಡಬೇಕು. ಗಾಡಿಯ ಮೇಲೆ ಯಾವ ಯಾವ ಗುರುತಿದೆ, ಯಾರಿಂದ ಆಯಿತು, ಯಾವಾಗ, ಎಲ್ಲಿ ಎಂದು ಮಾಲೀಕರೇ ಕೈಯಲ್ಲಿ ಬರೆಯಬೇಕು. ಏನನ್ನೂ ಮುಚ್ಚಿಡುವಂತಿಲ್ಲ. ನಮ್ಮ ಕಡೆ ಮದುವೆ ಗಂಡಿನ ದೋಷಗಳನ್ನು ಹೀಗೆ ಬರೆದು ಹಣೆಗೆ ಅಂಟಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಟಾರ್ಚ್ ಹಿಡಿದ ಬಿಳಿಗೂದಲಿನ ಪರೀಕ್ಷಕಿಯೊಬ್ಬರು ಬಂದು ಕಾರ್ಡನ್ನು ಓದುತ್ತ, ಒಂದೊಂದೇ ಗುರುತನ್ನು ಬೆಳಕು ಬಿಟ್ಟು ನೋಡತೊಡಗಿದರು. ನಾನು ಅವರ ಹೆಗಲ ಹಿಂದಿನಿಂದ ಓದಿದೆ.

ಎಡ ಬಾಗಿಲ ಗೀರು, ಅಪ್ಪನ ಬೆಲ್ಟಿನ ಬಕಲ್, ಮನೆಯ ಅಂಗಳ. ಮುಂದಿನ ಸೀಟಿನ ಸುಟ್ಟ ತೂತು, ಅಮ್ಮನ ಸಿಗರೇಟು, ಅಜ್ಜನ ಮಣ್ಣಿಗೆ ಹೋಗಿ ಬರುವಾಗ. ಹಿಂಬದಿಯ ತಗ್ಗು, ತಮ್ಮನ ಸೈಕಲ್ಲು. ಕೊನೆಯ ಸಾಲು ಹೊಸ ಶಾಯಿಯಲ್ಲಿತ್ತು. ಬಾನೆಟ್ಟಿನ ಕೆಂಪು ಗುರುತು, ಮೇಲಿನ ಕೋಣೆಯ ಶೈಲಾ, ಅವಳ ಅಪ್ಪನ ಹಬ್ಬ.

ಪರೀಕ್ಷಕಿ ಆ ಕಲೆಯ ಮೇಲೆ ಬಹಳ ಹೊತ್ತು ಬೆಳಕು ಬಿಟ್ಟರು. ಬೆರಳಿನಿಂದ ಮೆಲ್ಲಗೆ ಸವರಿದರು. "ಇದು ಈ ತಿಂಗಳದ್ದು," ಎಂದರು. "ಇದಕ್ಕ ಅಂಕ ಹೋಗ್ತಾವ."

"ಗೊತ್ತದ," ಎಂದರು ಹೆಕ್ಟರ್.

"ಉಜ್ಜಲಿಲ್ಲ ಯಾಕ?"

"ಉಳಿದದ್ದನ್ನ ಯಾವುದನ್ನ ಉಜ್ಜೀನಿ?" ಎಂದು ಹೆಕ್ಟರ್ ಕಾರ್ಡಿನ ಕಡೆ ಕೈ ತೋರಿಸಿದರು.

ಆಕೆ ಸ್ವಲ್ಪ ನಕ್ಕರು. ಬಣ್ಣ ಪೂರ್ತಿ ಮೂಲದ್ದೇ ಎಂದು ತಮ್ಮ ಹಾಳೆಯಲ್ಲಿ ಗುರುತು ಹಾಕಿದರು. ಹೆಕ್ಟರ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬಹುಮಾನದ ರಿಬ್ಬನ್ನು ಕೊನೆಗೆ ಪಕ್ಕದ ಹಸಿರು ಕಾರಿಗೆ ಹೋಯಿತು, ಆದರೆ ಅವರಪ್ಪನ ಚೆವೆಲ್ ಆ ಸಾಲಿನಲ್ಲಿ ನಿಂತಿತು. ಗುರುತು ಹಾಕಿದ ಪರೀಕ್ಷಕಿ ಮುಂದಿನ ಕಾರಿಗೆ ಹೋಗುವ ಮುಂಚೆ ಮತ್ತೆ ಕಾರ್ಡನ್ನು ನೋಡಿ, ಕೊನೆಯ ಸಾಲು ಅಪೂರ್ಣವಾಗಿದೆ, ಯಾರ ಹಬ್ಬ, ಯಾವ ಊರಿನವರು ಎಂದು ಬರೆಯಬೇಕು ಎಂದರು. ಹೆಕ್ಟರ್ ಪೆನ್ನನ್ನು ನನ್ನ ಕೈಗೆ ಕೊಟ್ಟರು.

ಕಾರಿನ ಬಾನೆಟ್ಟಿಗೆ ಕೈ ತಾಗದ ಹಾಗೆ ಕಾರ್ಡನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆದೆ. ಚನ್ನಬಸಪ್ಪ, ಮೆಕ್ಯಾನಿಕ್, ಹುಬ್ಬಳ್ಳಿ. ಇಂಗ್ಲಿಷಿನಲ್ಲಿ ಬರೆದು, ಜಾಗ ಉಳಿದಿತ್ತೆಂದು ಕನ್ನಡದಲ್ಲೂ ಬರೆದೆ. ಡಾಕ್ಟರ್ ಅಂಕಲ್ ಬಗ್ಗಿ ಅದನ್ನು ಓದಿದವರು, ಕನ್ನಡಕ ತೆಗೆದು ಒರೆಸಿಕೊಂಡರು. ಸೋಲಾಪುರ ದಾಟಿ ಆಚೆ ಹೋಗದ ನಮ್ಮಪ್ಪನ ಹೆಸರು ಅವತ್ತು ಇಡೀ ದಿನ ಡೆಲ್ ಮಾರ್‌ನ ಬಿಸಿಲಲ್ಲಿತ್ತು. ಬಂದವರು ನಿಂತು ಅದನ್ನು ಓದಿದರು. ಕೆಲವರು ಹೇಗೆ ಉಚ್ಚರಿಸಬೇಕೆಂದು ಕೇಳಿ ಹೇಳಿಸಿಕೊಂಡರು. ನನಗೆ ಎಷ್ಟು ಸಂತೋಷವಾಯಿತೆಂದರೆ ಊಟವನ್ನೇ ಮರೆತೆ.

ಮರುದಿನ ಕೆಲಸವಿತ್ತು. ಗಿರೀಶನನ್ನು ಅಲ್ಲೇ ಬೀಳ್ಕೊಟ್ಟು ಹೆಕ್ಟರ್ ಜೊತೆ ವಾಪಸ್ ಹೊರಟೆ. ಕಾರ್ಡಿನ ಫೋಟೊವನ್ನು ದಾರಿಯಲ್ಲಿ ಸುಮಾಳಿಗೆ ಕಳಿಸಿದೆ. ಅಲ್ಲಿ ಆಗ ಬೆಳಗಿನ ಜಾವ, ಅವಳು ಬೇಗ ಏಳುವವಳು. ಸ್ಯಾನ್ ಪೀಡ್ರೊದ ಗುಡ್ಡ ಹತ್ತುವಾಗ ಅವಳ ದನಿ ಬಂತು.

"ಅಕ್ಕಾ, ನೋಡಿ ಭಾಳ ಖುಷಿ ಆತು. ಮೊನ್ನೆ ಆಯುಧಪೂಜಿಗೆ ಡಿಪೋಕ್ಕ ಹೋಗಿದ್ದೆ. ಅಪ್ಪ ಕೆಲಸ ಮಾಡತಿದ್ದ ಶೆಡ್ ಕೆಡವ್ಯಾರ. ಅಲ್ಲಿ ಯಾರಿಗೂ ಅವನ ಹೆಸರು ಗೊತ್ತಿಲ್ಲ. ನೀ ಹೋದಿ ಅಂತ ನಾ ಅತ್ತಿದ್ದೆ. ಈಗ ಅಪ್ಪನ್ನೂ ಕರಕೊಂಡು ಹೋಗೀಯಲ್ಲ. ಇಲ್ಲಿ ನನಗ ಯಾರದಾರ?"

ಅವಳ ದನಿಯಲ್ಲಿ ಜಗಳವಿರಲಿಲ್ಲ. ನಾನು ಉತ್ತರ ಬರೆದೆ, ಅಳಿಸಿದೆ. ಕೊನೆಗೆ, ಅಪ್ಪ ಇನ್ನೂ ಅಲ್ಲಿಯವನೇ ಎಂದು ಅವಳಿಗೆ ತಿಳಿಯಲಿ ಎಂದು, ಆ ಫೋಟೊದಲ್ಲಿ ಅಪ್ಪನ ಹೆಸರಿನ ಮುಂದಿದ್ದ ಊರಿನ ಹೆಸರನ್ನಷ್ಟೇ ದೊಡ್ಡದು ಮಾಡಿ ಕಳಿಸಿದೆ. ಅವಳು ಅದನ್ನು ನೋಡಿದಳು.

ಹೆಕ್ಟರ್ ಅಂಗಳದಲ್ಲಿ ಇಂಜಿನ್ ನಿಲ್ಲಿಸಿ, ಗ್ಯಾರೇಜಿನ ಬಾಗಿಲೆತ್ತಲು ಇಳಿದರು. ನಾನು ಇನ್ನೂ ಕೂತೇ ಇದ್ದೆ.

"ಮನಿ ಬಂತು, ಮಿಹಾ," ಎಂದರು. "ಇಳಿಯೂದಿಲ್ಲೇನು?"

ಇಳಿಯುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು.